ಫರ್ಲೋ, ಮರುಕರೆ, ನೇಮಕ, ನಿವೃತ್ತಿ: ಪೈಲಟ್ ತನ್ನ ಸರದಿಯನ್ನು ಎಣಿಸಿಕೊಳ್ಳುವ ಬಗೆ

ಅಮೆರಿಕದ ವಿಮಾನಯಾನ ಸಂಸ್ಥೆಯೊಂದರಿಂದ ಪೈಲಟ್ ಹುದ್ದೆಯ ಆಹ್ವಾನ ಬಂದಾಗ ಮನೆಯವರು ಮೊದಲು ಕೇಳುವುದು ಸಂಬಳ ಎಷ್ಟು ಎಂದು. ಅದು ಸಹಜವೇ ಆದರೂ, ಮುಂದಿನ ಮೂವತ್ತು ವರ್ಷವನ್ನು ನಿರ್ಧರಿಸುವುದು ಬೇರೆ ಮೂರು ಪ್ರಶ್ನೆಗಳು: ಪೈಲಟ್‌ಗಳು ಸೇರಿದ ಕ್ರಮದಲ್ಲಿರುವ ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಮುಂದೆ ಎಷ್ಟು ಜನ ಇದ್ದಾರೆ, ಅವರು ಯಾವ ವರ್ಷ ನಿವೃತ್ತರಾಗುತ್ತಾರೆ, ನನ್ನ ಹಿಂದೆ ಎಷ್ಟು ಜನ ನಿಂತಿದ್ದಾರೆ. ಫರ್ಲೋ, ಮರುಕರೆ, ಹೊಸ ನೇಮಕ, ನಿವೃತ್ತಿ ಎಂಬ ಸುದ್ದಿಗಳು ಬೇರೆಬೇರೆಯಾಗಿ ಬಂದರೂ ಅವೆಲ್ಲ ಒಂದೇ ಸರದಿ ಸಾಲಿನ ಚಲನೆಗಳಾಗಿರುವುದರಿಂದ, ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಅರ್ಥವಾಗುತ್ತವೆ.

ನಮ್ಮ ಪತ್ರಿಕೆಗಳಲ್ಲಿ ಫರ್ಲೋ ಎಂಬ ಪದ ಕಾಣಿಸುವುದು ಹೆಚ್ಚಾಗಿ ಜೈಲಿನ ಕೈದಿಗಳಿಗೆ ಸಿಗುವ ರಜೆಯ ಸುದ್ದಿಯಲ್ಲಿ. ವಿಮಾನಯಾನದಲ್ಲಿ ಅದರ ಅರ್ಥ, ಸಂಬಳವಿಲ್ಲದೆ ಮನೆಗೆ ಕಳುಹಿಸಿದರೂ ಪಟ್ಟಿಯಲ್ಲಿನ ಸ್ಥಾನವನ್ನೂ ಮರಳಿ ಕರೆಸಿಕೊಳ್ಳುವ ಹಕ್ಕನ್ನೂ ಉಳಿಸುವುದು. ಕೆಲಸದಿಂದ ವಜಾ ಮಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಈ ಹಕ್ಕಿನಲ್ಲೇ ಇದೆ. ಪಟ್ಟಿಯ ಕೊನೆಯಲ್ಲಿರುವವರು ಮೊದಲು ಹೊರಗೆ ಹೋಗುತ್ತಾರೆ. ಮರಳಿ ಕರೆಯುವಾಗ ಹೊರಗಿರುವವರಲ್ಲಿ ಹಿರಿಯರು ಮೊದಲು ಬರುತ್ತಾರೆ. ಹೊರಗಿರುವ ಎಲ್ಲರಿಗೂ ಕರೆ ಹೋಗುವವರೆಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಪೈಲಟ್ ಸಂಘ ಮತ್ತು ಸಂಸ್ಥೆಯ ನಡುವಿನ ಒಪ್ಪಂದಗಳು ಸಾಮಾನ್ಯವಾಗಿ ತಡೆಯುತ್ತವೆ.

ಜ್ಯೇಷ್ಠತಾ ಪಟ್ಟಿಯ ಜಗಳ ಗೊತ್ತಿರುವ ನಮ್ಮ ಸರ್ಕಾರಿ ನೌಕರರಿಗೆ ಇದು ಬೇಗ ಹಿಡಿಸುತ್ತದೆ. ಆದರೆ ಇಲ್ಲಿ ಅರ್ಹತೆ, ಶಿಫಾರಸು, ವಾರ್ಷಿಕ ವರದಿ ಯಾವುದೂ ಪಟ್ಟಿಯಲ್ಲಿನ ನಿಮ್ಮ ಸಂಖ್ಯೆಯನ್ನು ಒಂದು ಸ್ಥಾನವೂ ಮೇಲೇರಿಸುವುದಿಲ್ಲ. ಯಾವ ವಿಮಾನ, ಯಾವ ಊರಿನ ಬೇಸ್, ಯಾವಾಗ ಕ್ಯಾಪ್ಟನ್, ದೀಪಾವಳಿಗೆ ರಜೆ ಸಿಗುತ್ತದೆಯೇ, ತಿಂಗಳಿಗೆ ನಿಗದಿಯಾದ ಹಾರಾಟವೋ ಅಥವಾ ಫೋನ್ ಬಂದ ಕೂಡಲೇ ಹೊರಡಬೇಕಾದ ರಿಸರ್ವ್ ಕೆಲಸವೋ ಎಂಬುದೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಒಂದೇ ದಿನ ತರಬೇತಿಗೆ ಕುಳಿತವರ ನಡುವೆ ಕೆಲವು ಸಂಸ್ಥೆಗಳು ವಯಸ್ಸಿನ ಪ್ರಕಾರ, ಇನ್ನು ಕೆಲವು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಅಂಕಿಗಳ ಪ್ರಕಾರ ಕ್ರಮ ಹಾಕುತ್ತವೆ. ಪಕ್ಕದ ಕುರ್ಚಿಯಲ್ಲಿದ್ದವನು ಆ ಅಂಕಿಗಳ ದೆಸೆಯಿಂದ ಜೀವನವಿಡೀ ನಿಮಗಿಂತ ಒಂದು ಸ್ಥಾನ ಮುಂದಿರುತ್ತಾನೆ. ಸಂಸ್ಥೆ ಬದಲಿಸಿದರೆ ಮತ್ತೆ ಕೊನೆಯ ಸಂಖ್ಯೆಯಿಂದಲೇ ಆರಂಭ. ಆದ್ದರಿಂದ ಎರಡು ಆಹ್ವಾನಗಳು ಒಟ್ಟಿಗೆ ಬಂದು ಯಾವುದನ್ನು ಒಪ್ಪುವುದೆಂದು ತೀರ್ಮಾನವಾಗಿದ್ದರೆ, ಒಂದು ತಿಂಗಳು ತಡವಾದ ತರಬೇತಿ ತಂಡವನ್ನು ಅನುಕೂಲಕ್ಕಾಗಿ ಕೇಳಿಕೊಳ್ಳಬೇಡಿ.

ಎಣಿಕೆಗೆ ಕೂರುವ ಮೊದಲು ಇತ್ತೀಚಿನ ಜ್ಯೇಷ್ಠತಾ ಪಟ್ಟಿಯನ್ನು ಸಂಪಾದಿಸಬೇಕು. ಡೆಲ್ಟಾ, ಯುನೈಟೆಡ್, ಅಲಾಸ್ಕಾ ಮೊದಲಾದ ಕಡೆ ಪೈಲಟ್‌ಗಳನ್ನು ಪ್ರತಿನಿಧಿಸುವುದು 1931ರಲ್ಲಿ ಹುಟ್ಟಿದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್. ಅಮೆರಿಕನ್ ಏರ್‌ಲೈನ್ಸ್ ಮತ್ತು ಸೌತ್‌ವೆಸ್ಟ್‌ನವರಿಗೆ ಅವರದೇ ಸಂಘಗಳಿವೆ. ಒಳಗಿರುವ ಸ್ನೇಹಿತರನ್ನು ಕೇಳಿದರೆ ನಿವೃತ್ತಿಯ ವರ್ಷವಾರು ಲೆಕ್ಕ ಸಿಗುತ್ತದೆ. ಅದರಲ್ಲಿ ನಿಮಗೆ ಬೇಕಾದದ್ದು ಸಂಸ್ಥೆಯ ಒಟ್ಟು ನಿವೃತ್ತಿಯಲ್ಲ, ನಿಮಗಿಂತ ಮೇಲಿರುವವರ ನಿವೃತ್ತಿ. ನಲವತ್ತೈದರ ಮೇಲೆ ಸೇರುವವರು ಇದನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಅವರ ಮುಂದಿರುವ ಅನೇಕರು ವಯಸ್ಸಿನಲ್ಲಿ ಅವರಿಗಿಂತ ಕಿರಿಯರಾಗಿದ್ದು, ಇವರ ಸೇವಾವಧಿಯೊಳಗೆ ಜಾಗ ಬಿಡುವುದೇ ಇಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಸಂಸ್ಥೆಯಲ್ಲಿ 6,000 ಪೈಲಟ್‌ಗಳಿದ್ದು ನಿಮ್ಮ ಸಂಖ್ಯೆ 5,600 ಎಂದುಕೊಳ್ಳಿ. ಮುಂದಿನ ಐದು ವರ್ಷಗಳಲ್ಲಿ ನಿಮ್ಮ ಮೇಲಿನವರಲ್ಲಿ ಕ್ರಮವಾಗಿ 120, 150, 210, 240, 260 ಜನ, ಅಂದರೆ ಒಟ್ಟು 980 ಜನ ನಿವೃತ್ತರಾಗುತ್ತಾರೆ. ನಿಮ್ಮ ಸಂಖ್ಯೆ 4,620ಕ್ಕೆ ಇಳಿಯುತ್ತದೆ. ಖಾಲಿಯಾದ ಜಾಗಗಳನ್ನೆಲ್ಲ ಹೊಸಬರಿಂದ ತುಂಬಿದರೆ, ಪಟ್ಟಿಯ ಮೇಲಿನಿಂದ ಎಣಿಸಿದರೆ ಶೇ 93ರಲ್ಲಿದ್ದ ನೀವು ಶೇ 77ಕ್ಕೆ ಬಂದಿರುತ್ತೀರಿ; ರಿಸರ್ವ್ ಕಳೆದು ನಿಗದಿತ ಹಾರಾಟ ಸಿಗುವಷ್ಟು ಮುಂದೆ ಬಂದಂತೆ. ಅದೇ ಸಂಸ್ಥೆ ಹೊಸಬರನ್ನು ತೆಗೆದುಕೊಳ್ಳದೆ 4,800 ಪೈಲಟ್‌ಗಳಿಗೆ ಕುಗ್ಗಿದರೆ, ನಿವೃತ್ತಿಯ ಮೇಲೆ ಇನ್ನೂ 220 ಜನರನ್ನು ಕೊನೆಯಿಂದ ಫರ್ಲೋ ಮಾಡಬೇಕಾಗುತ್ತದೆ. ಆಗಲೂ ನಿಮ್ಮ ಸಂಖ್ಯೆ 4,620ವೇ. ಆದರೆ ನಿಮ್ಮ ಹಿಂದೆ ಉಳಿದವರು 180 ಜನ ಮಾತ್ರ, ಸ್ಥಾನ ಶೇ 96. ಸಂಖ್ಯೆ ಸುಧಾರಿಸಿದರೂ ಸ್ಥಿತಿ ಕೆಟ್ಟಿರುತ್ತದೆ. ನಿವೃತ್ತಿಯ ಪಟ್ಟಿಯನ್ನಷ್ಟೇ ತೋರಿಸಿ ಆಸೆ ಹುಟ್ಟಿಸುವವರು ಈ ಎರಡನೆಯ ಲೆಕ್ಕವನ್ನು ಬಿಡುತ್ತಾರೆ. ಹಾಗಾಗಿ ನಿವೃತ್ತಿಯ ಕೋಷ್ಟಕದ ಪಕ್ಕದಲ್ಲೇ ಸಂಸ್ಥೆ ಎಷ್ಟು ವಿಮಾನಗಳನ್ನು ಪಡೆಯಲಿದೆ, ಎಷ್ಟನ್ನು ಹಿಂದಿರುಗಿಸಲಿದೆ ಎಂಬ ಕೋಷ್ಟಕವನ್ನೂ ಇಟ್ಟುಕೊಳ್ಳಿ.

ನಿವೃತ್ತಿಯ ದಿನಾಂಕಗಳು ಜನ್ಮದಿನಾಂಕದಿಂದ ಬರುವುದರಿಂದ ಅವು ಕಲ್ಲಿನಲ್ಲಿ ಕೊರೆದಂತೆ ಕಾಣುತ್ತವೆ. ಹಾಗಿಲ್ಲ. 1960ರಿಂದ ಜಾರಿಯಲ್ಲಿದ್ದ 60 ವರ್ಷದ ಮಿತಿಯನ್ನು 2007ರ ಡಿಸೆಂಬರ್ 13ರಂದು ಸಹಿಯಾದ ಕಾಯ್ದೆ 65ಕ್ಕೆ ಏರಿಸಿತು. ಮರುದಿನದಿಂದ ಸುಮಾರು ಐದು ವರ್ಷ ವಯೋನಿವೃತ್ತಿ ಹೆಚ್ಚುಕಡಿಮೆ ನಿಂತೇಹೋಯಿತು. ಅದರ ಮೇಲೆ 2008ರ ತೈಲಬೆಲೆ ಮತ್ತು ಆರ್ಥಿಕ ಕುಸಿತ ಸೇರಿ, ಯುನೈಟೆಡ್ ಒಂದೇ 1,437 ಪೈಲಟ್‌ಗಳನ್ನು ಹೊರಗಿಟ್ಟಿತು. ಮಿತಿಯನ್ನು 67ಕ್ಕೆ ಒಯ್ಯುವ ಪ್ರಯತ್ನವೂ ನಡೆದಿತ್ತು. 2024ರ ಮೇ ತಿಂಗಳಲ್ಲಿ ಸಹಿಯಾದ ವಿಮಾನಯಾನ ಕಾಯ್ದೆ 65ನ್ನೇ ಉಳಿಸಿತು. ಅಂತರರಾಷ್ಟ್ರೀಯ ಹಾರಾಟಕ್ಕೆ ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒದ ಮಿತಿಯೂ 65 ಆಗಿರುವುದು ಇದಕ್ಕೆ ಒಂದು ತಡೆ. ಆದರೂ ಲೆಕ್ಕವನ್ನು ಎರಡು ಸಲ ಹಾಕುವುದು ಲೇಸು: ಒಮ್ಮೆ ಈಗಿನ ನಿಯಮದಂತೆ, ಇನ್ನೊಮ್ಮೆ ಎರಡು ವರ್ಷ ಯಾರೂ ನಿವೃತ್ತರಾಗುವುದಿಲ್ಲ ಎಂದುಕೊಂಡು.

ಅದೇ ರೀತಿ 2020ಕ್ಕಿಂತ ಹಿಂದಿನ ಕೋಷ್ಟಕಗಳನ್ನು ನಂಬಬೇಡಿ. ಕೋವಿಡ್ ಕಾಲದಲ್ಲಿ ಡೆಲ್ಟಾ ಒಂದರಲ್ಲೇ ಸುಮಾರು 1,800 ಪೈಲಟ್‌ಗಳು ಮುಂಚಿತ ನಿವೃತ್ತಿಯ ಕೊಡುಗೆಯನ್ನು ಒಪ್ಪಿದರು. ಮುಂದೆ ಬರಬೇಕಿದ್ದ ನಿವೃತ್ತಿಗಳು ಆಗಲೇ ಆಗಿಹೋದವು. ಪ್ರಯಾಣಿಕರು ಮರಳಿದಾಗ ಉಂಟಾದ ಕೊರತೆಗೆ ಇದೂ ಒಂದು ಕಾರಣ. ದೊಡ್ಡ ವಿಮಾನದ ಒಬ್ಬ ಕ್ಯಾಪ್ಟನ್ ಹೋದರೆ ಆ ಜಾಗಕ್ಕೆ ಒಬ್ಬರು, ಅವರ ಜಾಗಕ್ಕೆ ಇನ್ನೊಬ್ಬರು ಎಂದು ಸರಪಳಿಯಂತೆ ಹಲವರಿಗೆ ಮರುತರಬೇತಿ ಬೇಕಾಗುತ್ತದೆ. ಸಿಮ್ಯುಲೇಟರ್‌ಗಳಿಗಾಗಲಿ ಬೋಧಕರಿಗಾಗಲಿ ಅಷ್ಟು ಬಿಡುವಿರುವುದಿಲ್ಲ.

ನೇಮಕದ ಸುದ್ದಿಯನ್ನು ಓದುವಾಗ ಅದರ ಹಿಂದಿನ ಕಾರಣವನ್ನು ಹುಡುಕಿ. ನಿವೃತ್ತಿಯನ್ನು ತುಂಬಲು ನಡೆಯುವ ನೇಮಕ ನಿಧಾನವಾದರೂ ಗಟ್ಟಿ. ಇನ್ನೂ ಬಾರದ ವಿಮಾನಗಳನ್ನು ನಂಬಿ ನಡೆಯುವ ನೇಮಕ ಆ ವಿಮಾನಗಳು ತಡವಾದೊಡನೆ ನಿಲ್ಲುತ್ತದೆ. 2022 ಮತ್ತು 2023ರ ಭರಾಟೆಯ ನೇಮಕದ ನಂತರ 2024ರಲ್ಲಿ ಬೋಯಿಂಗ್ ವಿಮಾನಗಳು ಸಮಯಕ್ಕೆ ಬಾರದೆ ಯುನೈಟೆಡ್ ಕೆಲಕಾಲ ಹೊಸ ತಂಡಗಳನ್ನು ತಡೆಹಿಡಿಯಿತು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ದೋಷದಿಂದ ವಿಮಾನಗಳು ನೆಲ ಹಿಡಿದಿದ್ದ ಸ್ಪಿರಿಟ್ ಏರ್‌ಲೈನ್ಸ್ ಅದೇ ವರ್ಷ ಪೈಲಟ್‌ಗಳನ್ನು ಫರ್ಲೋ ಮಾಡಿ, ನವೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಸಂಸ್ಥೆಗಳು ವಿಲೀನವಾಗುವ ಮಾತಿದ್ದರೆ ಇನ್ನೂ ಎಚ್ಚರ ಬೇಕು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಎಂಬ ವಿಮಾನಯಾನ ಸಂಸ್ಥೆಯನ್ನು ಕೊಂಡಾಗ ಅಲ್ಲಿನ ಪೈಲಟ್‌ಗಳಲ್ಲಿ ದೊಡ್ಡ ಪಾಲನ್ನು ಪಟ್ಟಿಯ ಕೊನೆಗೆ ಸೇರಿಸಲಾಯಿತು. ಸೆಪ್ಟೆಂಬರ್ 11ರ ದಾಳಿಯ ನಂತರದ ಫರ್ಲೋ ಮೊದಲು ಅವರನ್ನೇ ತಾಗಿತು. 2007ರ ಮೆಕ್ಯಾಸ್ಕಿಲ್–ಬಾಂಡ್ ಕಾನೂನು ಪಟ್ಟಿಗಳನ್ನು ನ್ಯಾಯವಾಗಿ ಬೆಸೆಯಬೇಕೆಂದು ವಿಧಿಸಿದ್ದು ಆ ಕಹಿಯಿಂದಲೇ. ಇಲ್ಲಿಂದ ಹೋಗಿ ತರಬೇತಿ ಪಡೆದ ಹುಡುಗ ಹುಡುಗಿಯರು ಒಂದನ್ನು ನೆನಪಿಡಬೇಕು: ಅಲ್ಲಿನ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವುದು ಪೌರತ್ವ ಅಥವಾ ಗ್ರೀನ್ ಕಾರ್ಡ್, 1,500 ಗಂಟೆಗಳ ಹಾರಾಟ ಪೂರೈಸಿದ ಮಾತ್ರಕ್ಕೆ ಈ ಬಾಗಿಲು ತೆರೆಯುವುದಿಲ್ಲ.

ಫರ್ಲೋ ನೋಟಿಸು ಬಂದರೆ ಮೊದಲು ಓದಬೇಕಾದದ್ದು ಒಪ್ಪಂದದ ಆ ಅಧ್ಯಾಯ. ದೊಡ್ಡ ಪ್ರಮಾಣದ ಕಡಿತಕ್ಕೆ 60 ದಿನಗಳ ಮುನ್ಸೂಚನೆಯನ್ನು ಕಾನೂನು ಬಯಸುತ್ತದೆ. ಆ ಅವಧಿಯಲ್ಲೇ ಚೌಕಾಸಿ ನಡೆಯುತ್ತದೆ: 2020ರಲ್ಲಿ ಯುನೈಟೆಡ್ 2,850 ಪೈಲಟ್‌ಗಳನ್ನು ತೆಗೆಯುವುದಾಗಿ ಹೇಳಿತ್ತಾದರೂ, ಎಲ್ಲರೂ ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಕೊಂಡು ಹಂಚಿಕೊಳ್ಳುವ ಒಪ್ಪಂದವಾಗಿ ಅದು ತಪ್ಪಿತು, ಅಮೆರಿಕನ್‌ನಲ್ಲಿ ಅಕ್ಟೋಬರ್ 1ರಂದು ಸುಮಾರು 1,600 ಮಂದಿ ಹೊರಬಿದ್ದರು. ಸ್ವಯಂಪ್ರೇರಿತ ರಜೆಯ ಕೊಡುಗೆಗಳಿದ್ದರೆ ನೀವು ಉಳಿಯುವವರಾದರೂ ಅವನ್ನು ಗಮನಿಸಿ, ಏಕೆಂದರೆ ಹಿರಿಯರು ರಜೆ ತೆಗೆದುಕೊಂಡಷ್ಟೂ ಕೊನೆಯವರು ಉಳಿಯುತ್ತಾರೆ. ಹೊರಗೆ ಹೋಗುವುದು ಖಚಿತವಾದರೆ ಆರೋಗ್ಯ ವಿಮೆಯನ್ನು ಮುಂದುವರಿಸುವ ಅರ್ಜಿ, ರಾಜ್ಯದ ನಿರುದ್ಯೋಗ ಭತ್ಯೆಯ ಅರ್ಜಿ, ತರಬೇತಿ ದಾಖಲೆಗಳ ಪ್ರತಿ ಇವನ್ನು ಮೊದಲ ವಾರವೇ ಮುಗಿಸಿ. ಮೆಡಿಕಲ್ ಪ್ರಮಾಣಪತ್ರ ಜಾರದಂತೆ ನೋಡಿಕೊಳ್ಳಿ. ನಲವತ್ತು ದಾಟಿದವರಿಗೆ ಪ್ರಥಮ ದರ್ಜೆಯ ಪತ್ರ ಆರು ತಿಂಗಳಿಗೊಮ್ಮೆ ಬೇಕು.

ಮಧ್ಯೆ ಬೇರೆ ಕೆಲಸ ಹಿಡಿಯುವಾಗ ಒಂದು ಕಾಗದದ ಬಗ್ಗೆ ಜಾಗ್ರತೆ. ಕರೆ ಬಂದರೆ ನೀವು ಬಿಟ್ಟುಹೋಗುತ್ತೀರೆಂಬ ಭಯದಿಂದ ಕೆಲವು ಸಂಸ್ಥೆಗಳು ಹಳೆಯ ಸಂಸ್ಥೆಯ ಜ್ಯೇಷ್ಠತಾ ಸಂಖ್ಯೆಗೆ ರಾಜೀನಾಮೆ ಕೇಳುತ್ತವೆ. ಅದಕ್ಕೆ ಸಹಿ ಹಾಕುವ ಮೊದಲು ಮರುಕರೆಯ ಲೆಕ್ಕ ಮಾಡಿ: ಹೊರಗಿರುವವರಲ್ಲಿ ನಿಮ್ಮ ಮುಂದೆ 360 ಜನ ಇದ್ದು ತಿಂಗಳಿಗೆ 30 ಜನರನ್ನು ಕರೆಯುತ್ತಿದ್ದರೆ, ಹನ್ನೆರಡು ತಿಂಗಳು. ಕೆಲವರು ಬರದೆ ಬಿಡುವುದರಿಂದ ಸರದಿ ಬೇಗ ಬರಬಹುದು, ಆದರೆ ಅದನ್ನು ಲಾಭವೆಂದು ಬರೆದಿಟ್ಟುಕೊಳ್ಳಿ, ನಿರೀಕ್ಷೆಯೆಂದಲ್ಲ. ಈ ಹಕ್ಕು ಬದುಕಿರುವುದು ಸಂಸ್ಥೆ ಬದುಕಿರುವವರೆಗೆ ಮಾತ್ರ ಎಂಬುದನ್ನೂ ತೂಗಬೇಕು. 1991ರ ಡಿಸೆಂಬರ್‌ನಲ್ಲಿ ಪ್ಯಾನ್ ಆಮ್ ಮುಚ್ಚಿದಾಗ ಪಟ್ಟಿಯೇ ಇಲ್ಲವಾಯಿತು. ನಮ್ಮಲ್ಲಿ ಕಿಂಗ್‌ಫಿಷರ್ 2012ರಲ್ಲಿ, ಜೆಟ್ 2019ರಲ್ಲಿ ನಿಂತಾಗ ಪೈಲಟ್‌ಗಳು ಕಂಡದ್ದೂ ಅದನ್ನೇ.

ಮರುಕರೆಯ ಪತ್ರ ನೀವು ಕೊನೆಯದಾಗಿ ಕೊಟ್ಟಿದ್ದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಂತಹ ದಾಖಲೆಯುಳ್ಳ ಟಪಾಲಿನಲ್ಲಿ ಬರುತ್ತದೆ. ಉತ್ತರಿಸಲು ಒಪ್ಪಂದ ಕೊಡುವುದು ಎಣಿಸಿದಷ್ಟೇ ದಿನ. ಮನೆ ಬದಲಿಸಿ ವಿಳಾಸ ತಿಳಿಸದವರು, ಊರಿಗೆ ಬಂದು ಎರಡು ತಿಂಗಳು ಕುಳಿತವರು ಇಲ್ಲಿ ಸಂಖ್ಯೆ ಕಳೆದುಕೊಳ್ಳಬಹುದು. ಸದ್ಯಕ್ಕೆ ಬರಲಾಗದಿದ್ದರೆ ಬೈಪಾಸ್ ಅವಕಾಶವಿದೆಯೇ ನೋಡಿ: ಕೆಲವು ಒಪ್ಪಂದಗಳಲ್ಲಿ ನಿಮಗಿಂತ ಕಿರಿಯರು ಬರಲು ಸಿದ್ಧರಿರುವವರೆಗೆ ನೀವು ಹೊರಗುಳಿಯಬಹುದು, ಮರಳಿದಾಗ ಅವರಿಗಿಂತ ಮೇಲೆಯೇ ಇರುತ್ತೀರಿ. ಆದರೆ ಹೊರಗಿದ್ದ ವರ್ಷಗಳು ಸಂಬಳದ ಹಂತಕ್ಕೆ ಸೇರುತ್ತವೆಯೇ ಎಂಬುದು ಬೇರೆ ಕಲಮಿನಲ್ಲಿರುತ್ತದೆ. ಬೈಪಾಸ್ ಕೇಳುವ ಮೊದಲು ಅದನ್ನು ಸಂಘದ ಪ್ರತಿನಿಧಿಯಿಂದ ಬರಹದಲ್ಲಿ ಪಡೆಯಿರಿ, ಉತ್ತರವನ್ನು ನಿಮ್ಮ ಬಳಿ ರಶೀದಿ ಉಳಿಯುವ ರೀತಿಯಲ್ಲೇ ಕಳುಹಿಸಿ.