ಗುಜರಿಗೆ ಹೊರಟಿದ್ದ ಹತ್ತಡಿ ಡಿಶ್, 5ಜಿ ಟವರ್ ಮತ್ತು ನಾನು

ಕೇಬಲ್ ಡಿಜಿಟಲ್ ಆದ ಮೇಲೆ ಕಲಬುರಗಿಯ ಎಷ್ಟೋ ಮಾಳಿಗೆಗಳ ಮೇಲೆ ದೊಡ್ಡ ಡಿಶ್‌ಗಳು ತುಕ್ಕು ಹಿಡಿದು ಕೂತಿವೆ. ಅಂಥದ್ದೊಂದು ಜಾಲರಿ ಡಿಶ್ಶನ್ನು ಗುಜರಿ ತೂಕಕ್ಕೆ ತಂದೆ. ಡಿಶ್ ತಿರುಗಿಸುವ ಮೋಟರ್ ತೋಳು (ಆಕ್ಚುಯೇಟರ್), ಸಿಗ್ನಲ್ ಹಿಡಿಯುವ ಬಾಯಿಯಂಥ ಹಳೆ ಫೀಡ್ ಹಾರ್ನ್, ಆ ಸಿಗ್ನಲ್ ಹಿಗ್ಗಿಸಿ ಕೇಬಲ್‌ಗೆ ಇಳಿಸುವ ಎಲ್‌ಎನ್‌ಬಿ ಎಲ್ಲಾ ಸೇರಿ ಎರಡೂವರೆ ಸಾವಿರದ ಆಸುಪಾಸು. "5ಜಿ ಬಂದ ಮ್ಯಾಲ ಸಿ ಬ್ಯಾಂಡ್ ಎಲ್ಲಿ ಉಳದದರೀ ಸರ, ಬಟ್ಟಿ ಒಣಗಿಸ್ಲಿಕ್ಕ ಒಯ್ಯಿರಿ" ಅಂತ ಕೊಟ್ಟವನೇ ನಕ್ಕ. ಸಿ ಬ್ಯಾಂಡ್ ಅಂದರೆ ಇಂಥ ದೊಡ್ಡ ಡಿಶ್‌ಗಳು ಹಿಡಿಯುವ ಉಪಗ್ರಹ ತರಂಗಗಳ ಪಟ್ಟಿ.

ಮೊದಲು ಕಾಡಿದ್ದು ಮಣ್ಣು. ನಮ್ಮದು ಎರೆಭೂಮಿ. ಎರಡಡಿ ತೋಡಿ ಸಿಮೆಂಟ್ ಹಾಕಿದ್ದ ಕಂಬ ಬೇಸಿಗೆಯಲ್ಲಿ ಒಂದು ಕಡೆ ವಾಲಿತು, ಮಳೆ ಬಿದ್ದು ಮಣ್ಣು ಉಬ್ಬಿದಾಗ ಇನ್ನೊಂದು ಕಡೆ. ಕೊನೆಗೆ ಗರಸು ಸಿಗುವವರೆಗೆ ತೋಡಿಸಿದೆ. ಡಿಶ್‌ಗಿಂತ ಕಂಬಕ್ಕೇ ಜಾಸ್ತಿ ಹೋಯಿತು, ನಾಲ್ಕು ಸಾವಿರ. ದಕ್ಷಿಣ ಹಿಡಿಯೋದು ಮಾತ್ರ ನಮಗೆ ಸಲೀಸು. ಊರಿನ ರೇಖಾಂಶ 76.8. 76.5 ಡಿಗ್ರಿಯ ಆಪ್‌ಸ್ಟಾರ್ ಉಪಗ್ರಹ ಹೆಚ್ಚುಕಮ್ಮಿ ನೆಟ್ಟಗೆ ದಕ್ಷಿಣಕ್ಕೇ ಇದೆ, ಎತ್ತರ ಸುಮಾರು 70 ಡಿಗ್ರಿ. ಅಲ್ಲಿಂದ 66, 105.5 ಡಿಗ್ರಿಯ ಉಪಗ್ರಹಗಳಿಗೂ ಡಿಶ್ ತಿರುಗುವ ಕಮಾನು (ಆರ್ಕ್) ತಾನಾಗಿ ಕೂತಿತು.

ಆಕ್ಚುಯೇಟರಿಗೆ 36 ವೋಲ್ಟ್ ಬೇಕಲ್ವಾ? ಯುಪಿಎಸ್‌ನಿಂದ ತೆಗೆದ ಮೂರು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿದೆ, ಮುಗೀತು. ಡಿಶ್ ಎಷ್ಟು ತಿರುಗಿತು ಅಂತ ಎಣಿಸಲು ಬೇಕಾದ ರೀಡ್ ಸ್ವಿಚ್ ಹೊಸದು, ಇಪ್ಪತ್ತು ರೂಪಾಯಿ.

ಈಗ ಅಸಲಿ ತಲೆನೋವು. ಹಳೆ ಎಲ್‌ಎನ್‌ಬಿ 3.4ರಿಂದ 4.2 ಗಿಗಾಹರ್ಟ್ಸ್‌ವರೆಗೆ ಎಲ್ಲವನ್ನೂ ಒಳಗೆ ಬಿಡುತ್ತದೆ. 5ಜಿಗೆ ಕೊಟ್ಟಿರೋದು 3.3ರಿಂದ 3.67. ಟವರ್ ನಮ್ಮ ಓಣಿ ತುದಿಯಲ್ಲೇ ಇದೆ, ಅದರ ಗದ್ದಲವೆಲ್ಲಾ ಎಲ್‌ಎನ್‌ಬಿ ಒಳಗೆ. ಮೀಟರಿನಲ್ಲಿ ಸ್ಟ್ರೆಂತ್ 90, ಕ್ವಾಲಿಟಿ ಸೊನ್ನೆ! ಕೇಬಲ್ ನಡುವೆ ಹಾಕುವ ಆರುನೂರು ರೂಪಾಯಿಯ ಫಿಲ್ಟರ್ ದಂಡ. ಎಲ್‌ಎನ್‌ಬಿ ಒಳಗೇ ಉಸಿರುಗಟ್ಟಿದ ಮೇಲೆ ಹೊರಗೆ ಸೋಸಿ ಏನು ಬಂತು? ಟವರ್ ಕಡೆಗೆ ತಗಡು ಅಡ್ಡ ಕಟ್ಟಿದೆ, ಒಂದೆರಡು ಚಾನಲ್ ಮಿಣುಕಿದವು ಅಷ್ಟೇ.

ಸೋಸುವುದಾದರೆ ಎಲ್‌ಎನ್‌ಬಿಗಿಂತ ಮುಂಚೆಯೇ ಸೋಸಬೇಕು. ಈಗಿನ ಎಲ್‌ಎನ್‌ಬಿಎಫ್‌ನಲ್ಲಿ ಫೀಡ್ ಮತ್ತು ಎಲ್‌ಎನ್‌ಬಿ ಒಂದೇ ಎರಕ, ನಡುವೆ ಏನೂ ತೂರಿಸೋಕೆ ಆಗಲ್ಲ. ಹಳೆಯದರಲ್ಲಿ ಎರಡೂ ಬೇರೆ, ನಡುವೆ ಬೋಲ್ಟ್ ಹಾಕುವ ಫ್ಲ್ಯಾಂಜ್. ಆ ಬೋಲ್ಟ್‌ಗಳು ಬಿಚ್ಚಲು ಒಂದಿಡೀ ಮಧ್ಯಾಹ್ನ ಸೀಮೆಎಣ್ಣೆ ಕುಡಿದವು. ನಡುವೆ 3.7ರಿಂದ 4.2 ಮಾತ್ರ ಬಿಡುವ ವೇವ್‌ಗೈಡ್ ಫಿಲ್ಟರ್ (ತರಂಗ ಸೋಸುವ ಲೋಹದ ಕೊಳವೆ) ಕೂರಿಸಿದೆ, ಮೂರೂವರೆ ಸಾವಿರ. ಸ್ಟ್ರೆಂತ್ ಇಳಿಯಿತು, ಕ್ವಾಲಿಟಿ ಅರವತ್ತು ದಾಟಿತು. ಗುಜರಿ ಮಾಲು ಅಂದವರು ಬಂದು ನೋಡಲಿ. 

ಇದರ ನಡುವೆ ಇನ್ನೊಂದು ಹುಚ್ಚು. ತರಂಗದ ಅಡ್ಡ-ಉದ್ದ ದಿಕ್ಕು ಆಯಲು ಫೀಡ್ ಒಳಗಿನ ಪಿನ್ ತಿರುಗಿಸುವ ಪೋಲರೋಟರ್‌ನ ಸುಟ್ಟ ಸರ್ವೋ (ಸಣ್ಣ ಮೋಟರ್) ಜಾಗಕ್ಕೆ ಆಟಿಕೆ ವಿಮಾನದ ಸರ್ವೋ ಹಾಕಿದೆ, ಅದೇ ಥರದ ಪಲ್ಸ್‌ಗೆ ತಿರುಗುತ್ತದೆ. ಅಡ್ಡ (ಹಾರಿಜಾಂಟಲ್), ಉದ್ದ (ವರ್ಟಿಕಲ್) ಎರಡೂ ಈಗ ಕೂತಲ್ಲಿಂದಲೇ. ಏಪ್ರಿಲ್ ಬಿಸಿಲಿಗೆ ಅದರ ಪ್ಲಾಸ್ಟಿಕ್ ಗೇರ್ ಮೆತ್ತಗಾಯಿತು. ಲೋಹದ ಗೇರಿನದು ತರಿಸಿದ್ದೇನೆ, ಮುನ್ನೂರೈವತ್ತು.