ಹಯವದನದ ಕೊನೆಯ ಹನ್ನೆರಡು ನಿಮಿಷ: ನನ್ನ ಅನುಭವ

ಗಿರೀಶ ಕಾರ್ನಾಡರ ಹಯವದನ ನಾಟಕ ಆಡಿದವರಿಗೆ ಗೊತ್ತು, ಕಷ್ಟ ಇರುವುದು ಇಬ್ಬರು ಗೆಳೆಯರ ತಲೆ ಅದಲುಬದಲು ಮಾಡುವಲ್ಲಿ ಅಲ್ಲ. ಎರಡು ಮುಖವಾಡ ಇದ್ದರೆ ಅದು ಮುಗಿಯಿತು. ಕಷ್ಟ ಇರುವುದು ಕೊನೆಯ ಹನ್ನೆರಡು ನಿಮಿಷದಲ್ಲಿ. ಪದ್ಮಿನಿಯ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಕಡಿದಾಡಿ ಸಾಯುತ್ತಾರೆ. ಪದ್ಮಿನಿ ಚಿತೆ ಏರುತ್ತಾಳೆ. ಅದಾದ ಮೇಲೆ, ಕುದುರೆ ತಲೆಯ ಮನುಷ್ಯ ಹಯವದನ ಪೂರ್ತಿ ಕುದುರೆಯಾಗಿ ಬಂದು ನಗಬೇಕು! ಇದನ್ನು ನಾನು ನಾಲ್ಕು ಸಲ ಕಟ್ಟಿದ್ದೇನೆ. ಮೂರು ಸಲ ಸೋತೆ, ನಾಲ್ಕನೇ ಸಲ ಕೂತಿತು. ‘ಇದು ಆಗೋ ಮಾತಲ್ಲ’ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಎಲ್ಲರಂತೆ ನಾನೂ ಬೆಂಕಿಯ ಮೋಹಕ್ಕೆ ಬಿದ್ದೆ. ಕೆಂಪು ಲೈಟು, ಹೊಗೆ ಯಂತ್ರ, ಚಂಡೆ. ಹೊಗೆ ಯಂತ್ರದ ಬಾಡಿಗೆಯೇ ಸಾವಿರದ ಎಂಟುನೂರೋ ಏನೋ. ಒಟ್ಟು ಅರವತ್ತು ಸಾವಿರ ದಾಟಿ, ಟಿಕೆಟ್ಟಿನಿಂದ ಬಂದದ್ದು ಕಳೆದು ಇಪ್ಪತ್ತು ಸಾವಿರದಷ್ಟು ಕೈಯಿಂದ ಹೋಯಿತು. ದುಡ್ಡು ಹೋಗಲಿ ಬಿಡಿ. ಚಿತೆ ಹೊತ್ತಿಕೊಂಡಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಕೈಮುಗಿದರು. ನನ್ನ ಎದೆ ಧಸಕ್ ಅಂತು. 1987ರಲ್ಲಿ ರಾಜಸ್ಥಾನದ ದೇವ್ರಾಲಾದಲ್ಲಿ ರೂಪ್ ಕನ್ವರ್ ಗಂಡನ ಚಿತೆಯಲ್ಲಿ ಸುಟ್ಟುಹೋದದ್ದನ್ನು ಕೇಳಿದ ಮೇಲೂ ಈ ದೃಶ್ಯಕ್ಕೆ ಜನ ಕೈಮುಗಿಯುತ್ತಾರೆ ಅಂದರೆ ತಪ್ಪು ನನ್ನದೇ ಅಲ್ವಾ? ಪದ್ಮಿನಿ ಸಾಯುವ ಮುಂಚೆ ಕಾಳಿಯನ್ನು ಕೆಣಕುತ್ತಾಳೆ: ಬೇರೆ ಹೆಂಗಸರು ಮುಂದಿನ ಜನ್ಮಕ್ಕೂ ಇದೇ ಗಂಡ ಸಿಗಲಿ ಅಂತ ಬೇಡಬಹುದು, ನನಗೆ ಅದೂ ಇಲ್ಲದ ಹಾಗೆ ಮಾಡಿದೆಯಲ್ಲ ಅಂತ. ಚಿತೆ ದೊಡ್ಡದಿರಲಿ, ನಾವು ಮೂವರಿದ್ದೇವೆ ಅಂತಲೂ ಹೇಳುತ್ತಾಳೆ. ಈ ಮಾತುಗಳ ಚುಚ್ಚು ಹೊಗೆಯಲ್ಲಿ ಮುಚ್ಚಿಹೋಗಿತ್ತು.

ಎರಡನೇ ಸಲ ಕುದುರೆಯನ್ನೇ ಕತ್ತರಿಸಿದೆ. ನಮ್ಮ ಭಾಗವತ ಪಾತ್ರದ ಮೇಷ್ಟ್ರು, “ಅಲ್ಲಾ ಮಾರಾಯ, ಮೂರು ಹೆಣ ಬಿದ್ದ ಮೇಲೆ ಕುದುರೆ ಯಾಕೆ?” ಅಂತ ಹಟ ಹಿಡಿದಿದ್ದರು. ಚಿತೆ, ಬ್ಲ್ಯಾಕೌಟ್, ಮಂಗಳ. ಜನ ಕಣ್ಣು ಒರೆಸಿಕೊಂಡು ಹೋದರು, ಮೇಷ್ಟ್ರು ಖುಷಿಯಾದರು. ಆಮೇಲೆ ಗ್ರೀನ್ ರೂಮಿಗೆ ಬಂದ ಹುಡುಗನೊಬ್ಬ ಕೇಳಿದ: “ಸಾರ್, ಮೊದಲು ಬಂದಿದ್ದ ಆ ಕುದುರೆ ಮೂತಿಯವನು ಏನಾದ?” ಉತ್ತರ ಇರಲಿಲ್ಲ. ತಲೆ ಬದಲಾಗುವ ಕಥೆ ಕಥಾಸರಿತ್ಸಾಗರದಲ್ಲಿದೆ, ಥಾಮಸ್ ಮಾನ್ ಅದನ್ನು ಬೆಳೆಸಿದ. ಕುದುರೆ ತಲೆಯ ಮನುಷ್ಯ ಮಾತ್ರ ಕಾರ್ನಾಡರು ಸೇರಿಸಿದ್ದು. ಸುಮ್ನೆ ಸೇರಿಸ್ತಾರಾ?

ಮೂರನೇ ಸಲ ಕುದುರೆ ವಾಪಸ್ ಬಂತು. ಆದರೆ ಚಿತೆಗೂ ಕುದುರೆಗೂ ನಡುವೆ ಬ್ಲ್ಯಾಕೌಟ್ ಇಟ್ಟೆ. ನಲವತ್ತು ಸೆಕೆಂಡ್ ಕತ್ತಲು. ಅಷ್ಟರಲ್ಲಿ ಜನ ಕಾಲಲ್ಲೇ ಚಪ್ಪಲಿ ಹುಡುಕಲು ಶುರು ಮಾಡಿದ್ದರು. ಸಾಲದ್ದಕ್ಕೆ ಕೆನೆತವನ್ನು ರೆಕಾರ್ಡ್ ಮಾಡಿ ಹಾಕಿದ್ದೆ. ಸೌಂಡಿನ ಹುಡುಗ ಅದನ್ನು ಕುದುರೆ ಬರುವ ಮೊದಲೇ ಒತ್ತಿಬಿಟ್ಟ.

ಅದಾದ ಮೇಲೆ ಎರಡು ವರ್ಷ ಬೇರೆಯವರ ಪ್ರಯೋಗ ಹುಡುಕಿಕೊಂಡು ತಿರುಗಿದೆ. ಒಂದು ಕಾಲೇಜು ತಂಡ ಕುದುರೆಯನ್ನು ಸರ್ಕಸ್ ಮಾಡಿತ್ತು. ನಗು ಬಂತು, ಪದ್ಮಿನಿ ಮರೆತೇಹೋದಳು. ಒಂದು ಹಿಂದಿ ತಂಡದಲ್ಲಿ, ಕೊನೆಗೆ ಬಂದು ನಗುವ ಪದ್ಮಿನಿಯ ಮಗುವಿನ ಬದಲು ಗೊಂಬೆ ಇತ್ತು. ಗೊಂಬೆ ಹೇಗೆ ನಗುತ್ತೆ? ಇನ್ನೊಂದು ಕಡೆ ಸತ್ತವರು ಮೂವರೂ ಎದ್ದು ಬಂದು ಹಾಡುವವರ ಮೇಳದಲ್ಲಿ ಕೂತರು. ಇದನ್ನು ಮಾತ್ರ ಕದ್ದೆ, ಅದೂ ಪದ್ಮಿನಿಗೆ ಅಷ್ಟೇ.

ನಾಲ್ಕನೇ ಸಲ ಕೆಂಪು ಲೈಟು, ಹೊಗೆ ಎರಡನ್ನೂ ಬಿಟ್ಟೆ. ನಾಟಕದಲ್ಲೇ ಬರೆದಿದೆ, ಬೆಂಕಿ ಚಿತ್ರ ಇರುವ ತೆರೆ ಸಾಕು ಅಂತ. ಒಂಬತ್ತು ಅಡಿ ಮಲ್ಲು ಬಟ್ಟೆ, ಬೋರ್ಡ್ ಬರೆಯುವವರ ಕೈಯಲ್ಲಿ ಜ್ವಾಲೆ, ಎಲ್ಲ ಸೇರಿ ಮೂರೂವರೆ ಸಾವಿರ. ಹಾಡುವ ಇಬ್ಬರು ಹೆಂಗಸರೇ ಅದನ್ನು ಹಿಡಿದು ನೆಲದಿಂದ ಮೇಲಕ್ಕೆ ಎತ್ತುತ್ತಾರೆ. ಎತ್ತುವಾಗ ಮೂರು ಸಲ ಸಣ್ಣಗೆ ಅಲುಗಾಡಿಸಬೇಕು. ಜಾಸ್ತಿ ಅಲುಗಿಸಿದರೆ ಬಟ್ಟೆ ಒಗೆದ ಹಾಗೆ ಕಾಣುತ್ತೆ. ಬೆಳಕು ಪೂರ್ತಿ ಬಿಳಿ. ತೆರೆಯ ಹಿಂದೆ ಪದ್ಮಿನಿ ಗೆಜ್ಜೆ ಬಿಚ್ಚಿಟ್ಟು, ಮೇಳದಲ್ಲಿ ಬಂದು ಕೂತು ತಾಳ ಹಿಡಿಯುತ್ತಾಳೆ. ಹಾಡು ನಿಲ್ಲುವುದಿಲ್ಲ. ಬೆಂಕಿಯ ಹಾಡಿನ ಅಡಿಯಿಂದಲೇ, ಅವಳು ಮಗನಿಗೆ ಹಾಡುತ್ತಿದ್ದ ಕುದುರೆ ಸವಾರನ ಲಾಲಿ ಶುರುವಾಗುತ್ತೆ. ಈ ನಾಟಕಕ್ಕೆ ಸಂಗೀತ ಕೊಟ್ಟ ಬಿ.ವಿ. ಕಾರಂತರ ಮಟ್ಟೇ, ಶ್ರುತಿ ಮಾತ್ರ ಇಳಿಸಿದ್ದೇನೆ. ಎಷ್ಟು ಅಂತ ಹೇಳಲ್ಲ. ಆ ಲಾಲಿ ನಡೆಯುತ್ತಿರುವಾಗಲೇ ಮಗು ಬರುತ್ತೆ, ಕುದುರೆ ಬರುತ್ತೆ. ಆಮೇಲೆ ಮಗುವಿನ ಬಾಯಲ್ಲೂ ಅದೇ ಹಾಡು.

ಈ ನಡುವೆ ಕ್ಲಾರಿನೆಟ್‌ನಲ್ಲಿ ಕೆನೆತ ನುಡಿಸುವ ಹುಚ್ಚೂ ಹಿಡಿದಿತ್ತು. ತಿಂಗಳು ಹಾಳಾಯಿತು, ಮೂರು ಸಾವಿರವೂ ಹೋಯಿತು. ಮದುವೆ ಮನೆ ಬ್ಯಾಂಡಿನ ಹಾಗೆ ಕೇಳಿಸುತ್ತಿತ್ತು. ಈಗ ಹಯವದನನ ನಗು ಕೆನೆತವಾಗುವ ಜಾಗದಲ್ಲಿ ಎರಡು ಗಂಟಲು ಕೆಲಸ ಮಾಡುತ್ತವೆ. ಎರಡನೆಯದು ಯಾರದ್ದು ಅಂತ ಪ್ರೇಕ್ಷಕರಿಗೆ ಇವತ್ತಿಗೂ ಗೊತ್ತಾಗಿಲ್ಲ. ನಿಮಗೂ ಹೇಳುವುದಿಲ್ಲ.

ಮೊದಲ ಪ್ರದರ್ಶನದ ರಾತ್ರಿ ಬೆಂಕಿ ತೆರೆ ಇಳಿದಾಗ ಕೈ ಮುಗಿಯುವವರೂ ಇಲ್ಲ, ಅಳುವವರೂ ಇಲ್ಲ. ಹಾಲ್ ಪೂರ್ತಿ ಗಪ್‌ಚುಪ್. ಮಗು ನಕ್ಕಿತು. ಅದರ ಹಿಂದೆ ಜನ ನಕ್ಕರು. ನಗುತ್ತಿದ್ದವರು ಮೇಳದಲ್ಲಿ ತಾಳ ಹಾಕುತ್ತಾ ಮಗನನ್ನೇ ನೋಡುತ್ತಿದ್ದ ಪದ್ಮಿನಿಯನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು. ಭಾಗವತರ ಕೊನೆಯ ಗಣಪತಿ ಪ್ರಾರ್ಥನೆ ಆ ನಿಂತ ನಗುವಿನ ಮೇಲೆ ಬಂತು. ಮೇಷ್ಟ್ರು ಒಳಗೆ ಬಂದು ಬಣ್ಣ ಒರೆಸಿಕೊಳ್ಳುತ್ತಾ, “ಕುದುರೆ ಇರಲಿ ಮಾರಾಯ” ಅಂದರು. ಖರ್ಚು ಇಪ್ಪತ್ತೆಂಟು ಸಾವಿರದೊಳಗೆ ಮುಗಿದಿತ್ತು. ಹನ್ನೊಂದು ಪ್ರದರ್ಶನ ಆಗಿದೆ, ಕೈಯಿಂದ ಹೋದದ್ದು ಬಹುತೇಕ ವಾಪಸ್ ಬಂದಿದೆ.

ಈಗಿನ ತೊಂದರೆ ಬೇರೆ. ನಮ್ಮ ಮಗುವಿಗೆ ಏಳು ತುಂಬಿತು, ಮುಂದಿನ ಹಲ್ಲು ಬಿದ್ದಿದೆ, ರಂಗಕ್ಕೆ ಬರುತ್ತಲೇ ನಗುತ್ತದೆ. ಐದು ವರ್ಷದ, ಸುಲಭಕ್ಕೆ ನಗದ ಮಗು ನಿಮ್ಮ ಕಡೆ ಇದ್ದರೆ ಹೇಳಿ.