ನರಸಾಪುರದ ಇಂಟರ್‌ವ್ಯೂಗೆ ಮುಂಚೆ ಸರಿಮಾಡಿಕೊಳ್ಳಬೇಕಾದ ಇಂಗ್ಲಿಷ್

ಕೋಲಾರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಐಟಿಐ, ಡಿಪ್ಲೊಮಾ ಮುಗಿಸಿ ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳತ್ತ ಕಣ್ಣಿಟ್ಟವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಸಲೀಸಾಗಿ ಆಡುವ ಹುಡುಗರು 'ನಮಗೆ ಭಾಷೆ ಹತ್ತಲ್ಲ ಸಾರ್' ಅಂದರೆ ನನಗೆ ನಗು ಬರುತ್ತೆ.

ಎಲ್ಲರೂ ಮೊದಲು ಕೇಳುವುದು 'ಎ' ಎಲ್ಲಿ, 'ಆ್ಯನ್' ಎಲ್ಲಿ ಅಂತ. ಇದು ಕನ್ನಡದವರಿಗೆ ಸುಲಭ. ಆ ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಆದರೆ ಎ. ಅವರ್ (ಗಂಟೆ), ಆನೆಸ್ಟ್ ಮ್ಯಾನ್, ಎಂಎಲ್‌ಎ: ಮೂರಕ್ಕೂ ಆ್ಯನ್. ಯೂನಿವರ್ಸಿಟಿ, ಯೂನಿಫಾರ್ಮ್, ವನ್ ರುಪೀ ಕಾಯಿನ್: ಇವಕ್ಕೆ ಎ. ಎಗ್ಗನ್ನು 'ಯೆಗ್' ಅನ್ನುವ ನಮ್ಮ ಕಡೆಯ ಚಾಳಿ ಬಿಡದಿದ್ದರೆ ಮಾತ್ರ ಲೆಕ್ಕ ತಪ್ಪುತ್ತೆ. 'ದ' ಎಲ್ಲಿ ಹಾಕಬೇಕು ಅನ್ನುವುದನ್ನು ಸದ್ಯಕ್ಕೆ ಬಿಡಿ. ಅದು ಬಿಟ್ಟುಹೋದರೂ ಎದುರಿನವರಿಗೆ ಅರ್ಥವಾಗುತ್ತೆ.

ನಿಜವಾಗಿ ಕಾಲೆಳೆಯುವುದು ಕಾಲ. 'ನಿನ್ನೆ ಮುಳಬಾಗಿಲಿಗೆ ಹೋಗಿದ್ದೆ' ಅನ್ನುವುದು ಒಳ್ಳೆಯ ಕನ್ನಡ. ಅದನ್ನೇ ಎತ್ತಿ 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮುಳಬಾಗಿಲು' ಅಂದರೆ ಕೇಳಿದವರು 'ಆಮೇಲೇನಾಯ್ತು?' ಅಂತ ಕಾಯುತ್ತಾರೆ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲಿನದಕ್ಕೆ 'ಹ್ಯಾಡ್' ಬೇಕು: 'ದ ಬಸ್ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್.' ಒಂದೇ ಸಂಗತಿಯಾದರೆ 'ಐ ವೆಂಟ್', ಅಷ್ಟೇ.

ಇನ್ನು 'ಹ್ಯಾವ್'. ಮುಗಿದುಹೋದ ಕಾಲದ ಹೆಸರು ಬಾಯಿಗೆ ಬಂತೋ, ಹ್ಯಾವ್ ಬಿಡಿ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ಆದ್ದರಿಂದ 'ದ ಮೈನ್ಸ್ ಕ್ಲೋಸ್ಡ್ ಇನ್ 2001', 'ಹ್ಯಾವ್ ಕ್ಲೋಸ್ಡ್' ಅಲ್ಲ. ಇಸವಿ ಹೇಳದಿದ್ದರೂ ಕೆಲವು ಕಡೆ ಹ್ಯಾವ್ ಒಗ್ಗುವುದಿಲ್ಲ. ನಮ್ಮ ಮಾಲೂರು ಸೀಮೆಯ ಮಾಸ್ತಿಯವರು ತೀರಿಕೊಂಡಿದ್ದು 1986ರಲ್ಲಿ. ಅವರ ಬಗ್ಗೆ 'ಮಾಸ್ತಿ ವನ್ ದ ಜ್ಞಾನಪೀಠ' ಅನ್ನಬೇಕು, 'ಹ್ಯಾಸ್ ವನ್' ಅಂದರೆ ಇನ್ನೂ ಇದ್ದಾರೆ ಅನ್ನುವ ಧ್ವನಿ ಬರುತ್ತೆ.

ಹಾಗಾದರೆ ಹ್ಯಾವ್ ಯಾವಾಗ ಬೇಕೇಬೇಕು? ಅಂದು ಶುರುವಾದದ್ದು ಇಂದೂ ನಡೆಯುತ್ತಿರುವಾಗ. ನಾವು 'ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ' ಅನ್ನುತ್ತೇವಲ್ಲ, ಅದಕ್ಕೇ 'ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್' ಬಾಯಿಗೆ ಬರುವುದು. ಇದರಲ್ಲಿ ಎರಡು ತಪ್ಪು. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಯುಗಾದಿ, ಸಿನ್ಸ್ 2022. ಎಣಿಸಿ ಹೇಳುವುದಾದರೆ ಫಾರ್: ಫಾರ್ ಟೂ ಇಯರ್ಸ್. ಇನ್ನು ಕ್ರಿಯಾಪದ 'ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು. ಪೂರ್ತಿ ವಾಕ್ಯ: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್.' ಇದನ್ನು ನಿಮ್ಮ ಕೆಲಸ, ನಿಮ್ಮ ಊರು ಸೇರಿಸಿ ಬಸ್ಸಿನಲ್ಲಿ ಕೂತಾಗ ಗುನುಗಿ. ಪಕ್ಕದವರು ನೋಡಿದರೆ ನೋಡಲಿ.

ಬೇಗ ತಿದ್ದಿಕೊಳ್ಳಬಹುದಾದ ಸಣ್ಣಪುಟ್ಟವೂ ಇವೆ. 'ಡಿಡ್ ನಾಟ್ ವೆಂಟ್' ಅಲ್ಲ, 'ಡಿಡ್ ನಾಟ್ ಗೋ'. 'ಡಿಸ್ಕಸ್' ಮುಂದೆ 'ಅಬೌಟ್' ಬೇಡ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಂದರೆ ಅಣ್ಣತಮ್ಮಂದಿರನ್ನು ಊಟಕ್ಕೆ ಬಡಿಸಿಕೊಂಡ ಹಾಗೆ ಕೇಳಿಸುತ್ತೆ. 'ಐ ಹ್ಯಾವ್' ಅನ್ನಿ. 'ಪ್ರಿಪೋನ್' (ಗೊತ್ತುಮಾಡಿದ್ದಕ್ಕಿಂತ ಮುಂಚೆಯೇ ಇಟ್ಟುಕೊಳ್ಳುವುದು) ಅನ್ನುವ ಪದದ ಬಗ್ಗೆ ಮುಜುಗರ ಬೇಡ, ನಮ್ಮ ದೇಶದ ಆಫೀಸುಗಳಲ್ಲಿ ಅದು ಧಾರಾಳವಾಗಿ ನಡೆಯುತ್ತೆ.

ಆದರೆ ಇಂಟರ್‌ವ್ಯೂನಲ್ಲಿ ನಿಜಕ್ಕೂ ಪೆಟ್ಟು ಕೊಡುವುದು ವ್ಯಾಕರಣದ ಪುಸ್ತಕದಲ್ಲಿ ಮೂಲೆಗೆ ಬಿದ್ದಿರುವ ಒಂದು ವಿಷಯ. 'ಡೋಂಟ್ ಯು ಹ್ಯಾವ್ ಎಕ್ಸ್‌ಪೀರಿಯೆನ್ಸ್?' ಅಂತ ಕೇಳುತ್ತಾರೆ. 'ಅನುಭವ ಇಲ್ವಾ?' ಅಂದರೆ ನಾವು 'ಹೂಂ ಸಾರ್, ಇಲ್ಲ' ಅನ್ನುವವರು. ಪ್ರಶ್ನೆಯನ್ನು ಒಪ್ಪಿಕೊಂಡು ಆಮೇಲೆ ಉತ್ತರ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಇದ್ದರೆ ಎಸ್, ಇಲ್ಲದಿದ್ದರೆ ನೋ. ಬರೀ 'ಎಸ್ ಸಾರ್' ಅಂದರೆ ಅನುಭವ ಇದೆ ಅಂತ ಬರೆದುಕೊಳ್ಳುತ್ತಾರೆ, ಮುಂದಿನ ಪ್ರಶ್ನೆ 'ಎಲ್ಲಿ, ಎಷ್ಟು ವರ್ಷ?' ತಲೆಯಾಡಿಸಿ ಸುಮ್ಮನಾಗಬೇಡಿ, ಬಾಲ ಸೇರಿಸಿಯೇ ಹೇಳಿ: 'ನೋ ಸಾರ್, ಐ ಡೋಂಟ್' ಅಥವಾ 'ಎಸ್ ಸಾರ್, ಐ ಡೂ'.